ಗೋಡೆ ಹಿಡಿದ ಮಹದೇವಸ್ವಾಮಿ

ಮೊದಲು ವಿಘ್ನೇಶ್ವರನಿಗೆ ಕೈಮುಗಿಯುತ್ತೇನೆ. ಅಷ್ಟು ದೊಡ್ಡ ಹೊಟ್ಟೆ, ಅಷ್ಟು ಗಿಡ್ಡ ಕಾಲು, ಯುಗಯುಗದಿಂದ ಒಂದೇ ಭಂಗಿಯಲ್ಲಿ ಕೂತ ದೇವರು. ಆದರೂ ರಾತ್ರಿ ಅವನ ಕಾಲಿನ ಮೀನಖಂಡ ಹಿಡಿದುಕೊಂಡಿತು, ಅವನು ಎದ್ದು ಕುಂಟಿದ, ಇಲಿ ಹೆದರಿ ಓಡಿತು ಎಂದು ಯಾವ ಪುರಾಣದಲ್ಲೂ ಬಂದಿಲ್ಲ. ಚಿಕ್ಕಂದಿನಿಂದ ಕಂಬಕ್ಕೊರಗಿ ಕೂತು ಪುರಾಣ ಕೇಳಿದವನು ನಾನು. ಇದ್ದಿದ್ದರೆ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಆ ಭಾಗ್ಯ ಅರವಂಕಾಡಿನ ದಿನಸಿ ಅಂಗಡಿ ಮಹದೇವಸ್ವಾಮಿಗೆ ಇರಲಿಲ್ಲ. ಅದರಿಂದ ಒಂದು ಹಟ್ಟಿಯೇ ಹೇಗೆ ಗುಳೆ ಏಳುವ ಹಾಗಾಯಿತು ಎಂಬುದನ್ನು ಹೇಳುತ್ತೇನೆ.

ಸ್ವಾಮಿಯ ಅಂಗಡಿ ಘಾಟಿಯ ಮೇಲಿನ ಅರವಂಕಾಡಿನಲ್ಲಿ. ಮನೆ ಹುಬ್ಬತಲೈ ಕಡೆ, ಟೀ ತೋಟದ ಇಳಿಜಾರಿನಲ್ಲಿ ಸಾಲಾಗಿ ಕಟ್ಟಿದ ಮನೆಗಳ ಒಂದು ಹಟ್ಟಿಯ ಕೆಳಗಿನ ಅಂಚಿನಲ್ಲಿ. ಹಿತ್ತಿಲಲ್ಲಿ ಎರಡಾಳೆತ್ತರದ ಕಲ್ಲಿನ ತಡೆಗೋಡೆ. ಗೋಡೆಯ ಮೇಲೆ ಹಾಲ ಗೌಡರ ಅಂಗಳ, ಅಂಗಳದ ಹಿಂದೆ ಹಾಲ ಗೌಡರ ಮನೆ. ಗೋಡೆಯೇನಾದರೂ ಬಿದ್ದರೆ ಗೌಡರ ಅಂಗಳ ನೇರವಾಗಿ ಸ್ವಾಮಿಯ ಅಡುಗೆಮನೆಗೆ ಊಟಕ್ಕೆ ಬರುತ್ತದೆ.

ಇಬ್ಬರಿಗೂ ಆಸ್ತಿಯ ಜಗಳವಿಲ್ಲ, ನೀರಿನ ಜಗಳವಿಲ್ಲ. ಇದ್ದದ್ದು ಕಾಲಿನ ಜಗಳ.

"ನಮ್ ತಾತ ಗುಂಡ್ಲುಪೇಟೆಯಿಂದ ಕಾಡ್ ದಾರೀಲಿ ನಡ್ಕಂಡೇ ಬಂದೋರು ಗೌಡ್ರೇ. ತಲೆ ಮೇಲೆ ರಾಗಿ ಮೂಟೆ. ನಮ್ದು ಘಾಟಿ ಹತ್ತಿದ ಕಾಲು" ಎಂದು ಸ್ವಾಮಿ ಕೆಳಗಿನಿಂದ ಕೂಗುವರು.

ಹಾಲ ಗೌಡರು ಮನೆಯಲ್ಲಿ ಆಡುವುದು ಈ ಬೆಟ್ಟದ ಬಡಗ ಮಾತು. ಅಂಗಡಿ ಸ್ವಾಮಿಗಾಗಿ ಅದನ್ನು ಕನ್ನಡದ ಕಡೆಗೆ ಸ್ವಲ್ಪ ವಾಲಿಸಿ ಮೇಲಿನಿಂದ ಉತ್ತರ ಕೊಡುವರು: "ನಿಮ್ ತಾತ ಬರೋವಾಗ ದಾರಿ ಇತ್ತಲ್ಲ ಸ್ವಾಮಿ! ನಮ್ಮೋರೂ ಅದೇ ಮೈಸೂರು ಸೀಮೆಯಿಂದ ಹತ್ತಿದ್ದು, ಎಷ್ಟೋ ತಲೆಮಾರಿನ ಹಿಂದೆ. ಆಗ ದಾರಿನೇ ಇಲ್ಲ. ನಮ್ಮ ಕಾಲು ಊರಿದ್ದೇ ದಾರಿ ಆಯ್ತು."

ಒಂದೇ ಸೀಮೆಯಿಂದ ಒಂದೇ ಬೆಟ್ಟ ಹತ್ತಿದ ಎರಡು ಮನೆತನ. ಒಬ್ಬರದು ಹಳೇ ಕಾಲು, ಇನ್ನೊಬ್ಬರದು ಬಹಳ ಹಳೇ ಕಾಲು. ಹಟ್ಟಿಯಲ್ಲಿ ಯಾರಾದರೂ ಮಂಡಿಗೆ ಎಣ್ಣೆ ಹಚ್ಚಿದ ವಾಸನೆ ಬಂದರೆ ಸಾಕು, ಇಬ್ಬರೂ ಮೂಗು ಮುಚ್ಚಿಕೊಂಡು "ಪಾಪ, ಬಸ್ಸಲ್ಲಿ ಬಂದೋರ ವಂಶ ಇರ್ಬೇಕು" ಎನ್ನುತ್ತಿದ್ದರು.

ಹೀಗಿರುವಾಗ ದೀಪಾವಳಿ ಮಳೆ ಹಿಡಿದ ಒಂದು ರಾತ್ರಿ, ಎರಡು ರಗ್ಗು ಹೊದ್ದು, ಕಾಲ ಬಳಿ ಅವನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ ಮಲಗಿದ್ದ ಸ್ವಾಮಿಯ ಎಡ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡಿದರು. ಘಾಟಿ ಹತ್ತಿದ ವಂಶದ ಬಾಯಿಂದ "ಬ್ಹಾವ್!" ಎಂಬ ಶಬ್ದ ಹೊರಟು ಕಣಿವೆಯ ಶೋಲೆ ಕಾಡಿನವರೆಗೂ ಹೋಗಿ ಬಂತು.

"ಏನ್ರೀ ಅದು, ಹಿಂಗ್ ಬೊಗುಳ್ತೀರಿ?" ಹೆಂಡತಿ ಸುಧಾ ಎದ್ದು ಕೂತಳು.

"ಕಾಲು... ಕಾಲು..."

"ಘಾಟಿ ಹತ್ತಿದ್ದಾ?"

ಇಂಥ ಹೊತ್ತಿನಲ್ಲಿ ಹೆಂಡತಿಗೆ ಉತ್ತರ ಕೊಡುವ ಶಕ್ತಿ ದೇವತೆಗಳಿಗೂ ಇರುವುದಿಲ್ಲ.

ಬೆಳಿಗ್ಗೆ ಗೋಡೆಯ ಮೇಲಿಂದ ಗೌಡರ ಹೆಂಡತಿ ಪೊನ್ನಮ್ಮ ಬಗ್ಗಿ ಕೇಳಿದಳು: "ಸುಧಾ, ರಾತ್ರಿ ಕಾಡುಕುರಿ ಬೊಗಳಿದ್ದು ಕೇಳ್ತಾ? ನಿಮ್ಮ ಮನೆ ಹತ್ರನೇ ಇತ್ತಲ್ಲ."

ಸುಧಾ ಗಂಡನ ಮುಖ ನೋಡಿದಳು. ಗಂಡ ಆಕಾಶ ನೋಡಿದ.

"ಹೂನಕ್ಕ, ಕೇಳ್ತು. ಆದ್ರೆ ಎರಡಿದ್ವು. ಇನ್ನೊಂದು ಬೆಳಗಿನ ಜಾವಕ್ಕೆ ಕೂಗ್ತು, ನಿಮ್ ಮನೆ ಕಡೇಲಿ."

ಪೊನ್ನಮ್ಮ, "ಹೌದೌದು. ಜೋಡಿ ಇರ್ಬೇಕು" ಎಂದು ಸರಕ್ಕನೆ ಒಳಗೆ ಹೋದಳು.

ಕಾಡುಕುರಿ ಮೂರು ರಾತ್ರಿ ಬಿಡದೆ ಕೂಗಿದ ಮೇಲೆ ಸ್ವಾಮಿ, ಯಾರಿಗೂ ಗೊತ್ತಾಗದಂತೆ ಮಫ್ಲರನ್ನು ಮೂಗಿನವರೆಗೆ ಸುತ್ತಿ, ಡಾಕ್ಟರ್ ಭುವನಾ ಹತ್ತಿರ ಹೋದರು. ಚಿಕ್ಕ ವಯಸ್ಸಿನ ಡಾಕ್ಟರು. ಕಾಲು ಒತ್ತಿ ನೋಡಿದಳು, ಊತ ಇದೆಯಾ ಎಂದು ನೋಡಿದಳು, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಳು. ಆಮೇಲೆ, "ಅಂಗಡೀಲಿ ಎಷ್ಟು ನಡೀತೀರಿ?"

"ನಡೆಯೋದಾ? ಎತ್ತರದ ಸ್ಟೂಲು ಮೇಡಂ. ಕೂತಲ್ಲಿಂದಲೇ ಎಲ್ಲಾ ಡಬ್ಬ ಕೈಗೆ ಸಿಗೋ ಹಾಗೆ ನಾನೇ ಮಾಡ್ಸಿದೀನಿ." ಸ್ವಾಮಿಯ ಮುಖದಲ್ಲಿ ಹೆಮ್ಮೆ.

"ಕಾಲು ನೆಲಕ್ಕೆ ತಾಗುತ್ತಾ?"

"ಇಲ್ಲ. ತೂಗಾಡ್ತಿರ್ತದೆ."

"ನೀರು ಕುಡೀತೀರಾ?"

"ಈ ಚಳೀಲಾ? ಟೀ ಕುಡೀತೀನಿ ಮೇಡಂ, ಟೀಲಿ ನೀರಿರಲ್ವಾ?"

ಡಾಕ್ಟರಮ್ಮ ನಗು ನುಂಗಿಕೊಂಡು ವಿವರಿಸಿದಳು. ಇದಕ್ಕೆ ಇದೇ ಕಾರಣ ಎಂದು ಬೊಟ್ಟು ಮಾಡಿ ಹೇಳಲು ಎಷ್ಟೋ ಸಲ ಆಗುವುದಿಲ್ಲವಂತೆ. ದಿನವಿಡೀ ಕದಲದ ಕಾಲು, ಕಡಿಮೆ ನೀರು, ಬಿಗಿದ ರಗ್ಗಿನಡಿ ರಾತ್ರಿಯೆಲ್ಲ ಕೆಳಮುಖವಾದ ಬೆರಳುಗಳು, ಎಲ್ಲ ಸೇರಿ ಮೀನಖಂಡ ಕುಗ್ಗಿ ಗಂಟಾಗಿ ಬಿಡಲೊಲ್ಲೆ ಎನ್ನುತ್ತದಂತೆ. ಹಿಡಿದಾಗ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು, ಇಲ್ಲವೇ ಎದ್ದು ಹಿಮ್ಮಡಿ ಊರಿ ನಿಲ್ಲಬೇಕು. ಹಿಡಿಯದ ಹಾಗೆ ಮಾಡಲು ರಗ್ಗನ್ನು ಸಡಿಲ ಬಿಡಬೇಕು, ನೀರು ಕುಡಿಯಬೇಕು, ದಿನವೂ ಗೋಡೆ ವ್ಯಾಯಾಮ ಮಾಡಬೇಕು.

"ಎರಡೂ ಅಂಗೈ ಗೋಡೆಗೆ. ಒಂದು ಕಾಲು ಮುಂದೆ, ನೋಯೋ ಕಾಲು ಹಿಂದೆ, ಹಿಮ್ಮಡಿ ಮೇಲೆ ಏಳಬಾರದು. ಮೆಲ್ಲಗೆ ಗೋಡೆ ಕಡೆ ವಾಲಿ. ಬೆಳಿಗ್ಗೆ, ಸಂಜೆ, ಮಲಗೋ ಮುಂಚೆ. ಕಾಲು ಊದಿಕೊಂಡ್ರೆ, ಹಗಲೂ ನೋವು ಬಿಡದೇ ಇದ್ರೆ, ತಡಮಾಡದೆ ಬನ್ನಿ."

ಒಳಗಿನ ಗೋಡೆಗಳಿಗೆ ಸುಧಾ ಹಬ್ಬಕ್ಕೆಂದು ಆಗಷ್ಟೇ ಸುಣ್ಣ ಬಳಿಸಿದ್ದಳು. "ಒಂದು ಕೈ ಗುರುತು ಬಿದ್ರೂ ಆ ಕೈಗೆ ಊಟ ಇಲ್ಲ" ಎಂದಳು. ಹಾಗಾಗಿ ಸ್ವಾಮಿ ಬೆಳಗಾಗುತ್ತಲೇ ಹಿತ್ತಿಲ ತಡೆಗೋಡೆಗೆ ಎರಡೂ ಕೈ ಕೊಟ್ಟು, ಒಂದು ಕಾಲು ಹಿಂದೆ ಹಾಕಿ, ಹಲ್ಲು ಕಚ್ಚಿ, ತಲೆಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಳೆಯಲ್ಲೇ ವಾಲಿ ನಿಂತರು.

ಪುರಾಣ ಓದುವವರು ಯುದ್ಧದ ಜಾಗಕ್ಕೆ ಬಂದಾಗ ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತಾರೆ. ನಾನೂ ಕುಡಿಯುತ್ತೇನೆ. ಡಾಕ್ಟರ್ ಸಲಹೆಯೂ ಅದೇ.

ಪೊನ್ನಮ್ಮ ಎಲೆ ಕೀಳಲು ಹೊರಟವಳು ಅಂಗಳದ ಅಂಚಿನಿಂದ ಬಗ್ಗಿ ನೋಡಿದಳು. ನಾಲ್ಕು ದಿನದಿಂದ ಬಿಡದ ಮಳೆ. ಕೆಳಗೆ ಸ್ವಾಮಿ ಮೈಯ ಬಲವನ್ನೆಲ್ಲ ಬಿಟ್ಟು ಗೋಡೆಯನ್ನು ತಳ್ಳುತ್ತಿದ್ದಾರೆ. ಮುಖ ಕೆಂಪಾಗಿದೆ.

"ಸ್ವಾಮೀ! ಏನ್ ಮಾಡ್ತಿದ್ದೀರಿ?"

ಇಲ್ಲಿ ಸ್ವಾಮಿ ನಿಜ ಹೇಳಿಬಿಡಬಹುದಿತ್ತು. ಆದರೆ ಪೊನ್ನಮ್ಮನಿಗೆ ಹೇಳಿದರೆ ಗೌಡರಿಗೆ ಹೇಳಿದಂತೆ. ಗೌಡರಿಗೆ ಹೇಳಿದರೆ ತಾತನ ರಾಗಿ ಮೂಟೆ ಅಲ್ಲೇ ನೆಲಕ್ಕೆ ಬಿದ್ದಂತೆ.

"ಏನಿಲ್ಲ ಪೊನ್ನಮ್ಮನೋರೇ. ಗೋಡೆ ಹೆಂಗೈತೆ ಅಂತ ನೋಡ್ತಿದ್ದೆ."

"ಹೇಗಿದೆ?"

"ಐತೆ... ಸದ್ಯಕ್ಕೆ."

ಆ 'ಸದ್ಯಕ್ಕೆ' ಎಂಬ ಮಾತು ಹಟ್ಟಿಯ ವಾಟ್ಸಾಪ್ ಗುಂಪಿಗೆ ಹೋಗಲು ಎಷ್ಟು ಹೊತ್ತು ಬೇಕು? ಪೊನ್ನಮ್ಮ ಎಲೆ ಚೀಲ ಅಲ್ಲೇ ಎಸೆದು ಗಂಡನನ್ನು ಕೂಗಿದಳು. ಗೌಡರು ಬಂದು ಬಗ್ಗಿದರು. ನೋಡಿದ್ದೇ ತಡ, ಗೋಡೆಯ ಮೇಲಿನ ಭಾರ ಇಳಿಸಲೆಂದು ಅಂಗಳದಲ್ಲಿದ್ದ ನೀರಿನ ಡ್ರಮ್ಮು ಉರುಳಿಸಿದರು, ಒಗೆಯುವ ಕಲ್ಲು ಹೊತ್ತರು, ಎಮ್ಮೆ ಬಿಚ್ಚಿದರು. ಮಗಳು ಸರಣ್ಯಾ ಒಂದು ಫೋಟೋ ತೆಗೆದು, 'ಮಹದೇವಸ್ವಾಮಿ ಅಂಕಲ್ ಒಬ್ಬರೇ ಗೋಡೆ ಹಿಡಿದಿದ್ದಾರೆ, ಬೇಗ ಬನ್ನಿ' ಎಂದು ಹಾಕಿಬಿಟ್ಟಳು.

ಬಂದರು. ಕೊಡೆ ಹಿಡಿದು ಬಂದರು, ಗೋಣಿ ಹೊದ್ದು ಬಂದರು, ಸಿಲ್ವರ್ ಓಕ್ ಮರದ ಕಂಬ ಹೊತ್ತು ಬಂದರು. ಗೋವರ್ಧನವನ್ನು ಎತ್ತಿದಾಗ ಗೋಕುಲದ ಜನ ಹೇಗೆ ಬಂದು ಸೇರಿದರೋ ಹಾಗೆ ಸೇರಿದರು. ಒಂದೇ ವ್ಯತ್ಯಾಸ: ಅಲ್ಲಿ ಎತ್ತಿದವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು.

ಸ್ವಾಮಿ ಗಾಬರಿಯಾಗಿ ಕೈ ತೆಗೆಯಲು ಹೋದರು.

"ಕೈ ತೆಗೀಬೇಡೀ!" ಇಡೀ ಹಟ್ಟಿ ಒಟ್ಟಿಗೆ ಕಿರುಚಿತು.

"ಅಲ್ಲ ಕಣ್ರಪ್ಪ, ನಾನು..."

"ಮಾತಾಡಿ ಶಕ್ತಿ ಕಳ್ಕೋಬೇಡಿ ಸ್ವಾಮಿ!"

ಯಾರೋ ಟೀ ತಂದು ಬಾಯಿಗೆ ಹಿಡಿದರು. ಇನ್ನಾರೋ ಹಣೆಯ ಮಳೆನೀರನ್ನು ಬೆವರೆಂದು ಒರೆಸಿದರು. ಹಾಲ ಗೌಡರು ಜಾರುತ್ತಾ ಮೆಟ್ಟಿಲಿಳಿದು ಬಂದು ಪಕ್ಕ ನಿಂತರು. ಕಣ್ಣಲ್ಲಿ ನೀರು.

"ಸ್ವಾಮಿ, ಭಾನುವಾರ ಕೋತಗಿರಿಯಿಂದ ಗಂಡಿನ ಕಡೆಯೋರು ಸರಣ್ಯಾನ ನೋಡೋಕೆ ಬರ್ತಾರೆ ಅಂತ ನಿಮಗೆ ಗೊತ್ತು. ನನ್ನ ಮಗಳ ಮನೆ ಬೀಳ್ಬಾರ್ದು ಅಂತ, ಮಳೇಲಿ, ಒಬ್ಬರೇ... ನಿಮ್ಮ ಕಾಲನ್ನ ನಾನು ಆಡ್ಕೊಂಡೆ. ಘಾಟಿ ಹತ್ತಿದ ಕಾಲು ಅಂದ್ರೆ ಇದು!"

ಹೊಗಳಿಕೆ ಎಂಬುದು ಮೀನಖಂಡಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷ ಕಾದ ಮಾತು ಗೌಡರ ಬಾಯಿಂದಲೇ ಬಂದ ಮೇಲೆ ಸ್ವಾಮಿ ಬಿಡುವುದೆಂತು? "ಅಯ್ಯೋ, ಇದೇನ್ ಮಹಾ ಬುಡಿ ಗೌಡ್ರೇ" ಎಂದು ಇನ್ನೂ ಸ್ವಲ್ಪ ವಾಲಿದರು. ಅಡುಗೆಮನೆ ಕಿಟಕಿಯಲ್ಲಿ ಸುಧಾ ಹಣೆ ಹಣೆ ಬಡಿದುಕೊಂಡಳು.

ಕಂಬಗಳು ಗೋಡೆಗೆ ಆನಿಕೊಂಡು ನಿಂತವು. ಅಷ್ಟರಲ್ಲಿ ಫೋಟೋ ಎಲ್ಲೆಲ್ಲೋ ಸುತ್ತಿ ತಾಲ್ಲೂಕು ಕಚೇರಿ ಮುಟ್ಟಿತ್ತು. ಮಧ್ಯಾಹ್ನಕ್ಕೆ ಜೀಪು ಬಂತು. ಅದರಿಂದ ಮುರಳೀಧರನ್ ಸಾರ್ ಇಳಿದರು: ಮಳೆಗಾಲದಲ್ಲಿ ಕುಸಿಯುವ ಜಾಗ ನೋಡುವ ಕೆಲಸ, ಮಂಡಿವರೆಗೆ ಬೂಟು, ಕೈಯಲ್ಲಿ ಕೆಂಪು ಬಣ್ಣದ ಡಬ್ಬ. ಆ ಡಬ್ಬದಿಂದ ಯಾವ ಮನೆಯ ಬಾಗಿಲಿಗೆ ಅಡ್ಡಗೆರೆ ಬೀಳುತ್ತದೋ ಆ ಮನೆ ಖಾಲಿ.

ಸಾರ್ ಕಂಬಗಳನ್ನು ನೋಡಿದರು, ಗೋಡೆ ನೋಡಿದರು, ಮೊಬೈಲಿನಲ್ಲಿ ಫೋಟೋ ನೋಡಿದರು.

"ಮನುಷ್ಯ ಕೈಯಲ್ಲಿ ಹಿಡಿಯೋ ಸ್ಥಿತಿ ಅಂದ್ರೆ ತುಂಬಾ ಅಪಾಯ. ಈ ಸಾಲು ಪೂರ್ತಿ ಖಾಲಿ ಮಾಡಿ. ಎಲ್ಲರೂ ಸಾಯಂಕಾಲದೊಳಗೆ ಸ್ಕೂಲಿಗೆ."

"ಎಲ್ಲಿವರೆಗೆ ಸಾರ್?" ಪೊನ್ನಮ್ಮ ಕೇಳಿದಳು.

"ಮಳೆ ನಿಂತು, ಎಂಜಿನಿಯರ್ ಬಂದು ನೋಡೋವರೆಗೆ."

"ಭಾನುವಾರ ಗಂಡಿನೋರು ಬರ್ತಾರೆ! ಸ್ಕೂಲ್ ಬೆಂಚ್ ಮೇಲೆ ಹೆಣ್ಣು ಕೂರಿಸೋದಾ? ಬಾಗಿಲಿಗೆ ಕೆಂಪು ಗೀಟು ನೋಡಿದೋರು ಮನೆಯೇ ಬೀಳ್ತಿದೆ, ಸಂಬಂಧ ನಿಲ್ಲುತ್ತಾ ಅನ್ನಲ್ವಾ?"

ಸರಣ್ಯಾ ಮೂಲೆಯಲ್ಲಿ ನಿಂತು ದುಪಟ್ಟಾದ ಅಂಚನ್ನು ಕಣ್ಣಿಗೆ ಒತ್ತಿಕೊಂಡಳು. ಕೋತಗಿರಿ ಹುಡುಗ ಅವಳು ಮೆಚ್ಚಿದವನೇ ಎಂದು ಹಟ್ಟಿಗೆಲ್ಲ ಗೊತ್ತು. ಅವನ ಮನೆಯವರನ್ನು ಒಪ್ಪಿಸಲು ಅವಳು ಪಟ್ಟ ಪಾಡೂ ಗೊತ್ತು. ಸ್ವಾಮಿಯ ಅಂಗಡಿಯಲ್ಲಿ ಕಡ್ಲೆಮಿಠಾಯಿ ತಿಂದು ಬೆಳೆದ ಹುಡುಗಿ.

ಮುರಳೀಧರನ್ ಡಬ್ಬದ ಮುಚ್ಚಳ ತೆಗೆದು ಕುಂಚ ಅದ್ದಿದರು.

ಸುಧಾ ಗಂಡನ ಹಿಂದೆ ಬಂದು ನಿಂತು ಕಿವಿಯಲ್ಲಿ ಹೇಳಿದಳು: "ನೀವ್ ಹೇಳ್ತೀರೋ, ನಾನ್ ಹೇಳ್ಲೋ? ನಾನ್ ಹೇಳಿದ್ರೆ 'ಬ್ಹಾವ್' ಅಂದಿದ್ದೂ ಸೇರಿಸಿ ಹೇಳ್ತೀನಿ."

ಸ್ವಾಮಿ ಮನಸ್ಸಿನಲ್ಲೇ ತಾತನ ಕ್ಷಮೆ ಕೇಳಿದರು.

"ಸಾರ್! ನಿಲ್ಸಿ ಸಾರ್! ಗೋಡೆಗೇನೂ ಆಗಿಲ್ಲ. ಆಗಿರೋದು ನನ್ ಕಾಲಿಗೆ!"

ಸ್ವಾಮಿ ಎಲ್ಲ ಹೇಳಿದರು: ರಾತ್ರಿ ಸೆಳೆತ, ಸ್ಟೂಲು, ರಗ್ಗು, ಡಾಕ್ಟರಮ್ಮ, ಹಿಮ್ಮಡಿ. ಹೇಳಿ ಮುಗಿಸಿ ತಲೆ ತಗ್ಗಿಸಿದರು.

ಮುರಳೀಧರನ್ ನಿಟ್ಟುಸಿರಿಟ್ಟರು. "ಸಾರ್, ಮನೆ ಬಿಡೋಕೆ ಯಾರಿಗೂ ಇಷ್ಟ ಇರಲ್ಲ. ಹೋದ ವಾರ ಒಬ್ಬರು ಬಿರುಕನ್ನ ಜೇಡರ ಬಲೆ ಅಂದ್ರು. ನೀವು ಕಾಲು ನೋವು ಅಂತೀರಿ. ಹೊಸದಾಗಿದೆ, ಆದ್ರೆ ನಂಬೋ ಹಾಗಿಲ್ಲ."

"ಡಾಕ್ಟರಿಗೆ ಫೋನ್ ಮಾಡಿ ಸಾರ್!"

ಮಾಡಿದರು. ಡಾಕ್ಟರಮ್ಮನ ಫೋನು ಗುಡ್ಡದ ಯಾವ ಮಗ್ಗುಲಲ್ಲಿತ್ತೋ, ಸಿಗಲಿಲ್ಲ.

"ಹಾಗಾದ್ರೆ ನನಗೆ ಕಾಲು ಹಿಡಿಯೋದನ್ನ ನೀವೇ ನೋಡಿ ಸಾರ್. ದಿನಾ ಹಿಡೀತದೆ. ಈಗ್ಲೂ ಹಿಡೀತದೆ. ಏಯ್ ಸುಧಾ, ಅಡುಗೆಮನೆ ಸ್ಟೂಲ್ ತಗಂಡ್ ಬಾ!"

ಸ್ಟೂಲು ಬಂತು. ಸ್ವಾಮಿ ಕಾಲು ತೂಗುಬಿಟ್ಟು ಕೂತರು. ಬೆರಳು ಚೂಪು ಮಾಡಿದರು. ರಗ್ಗು ತಂದು ಕಾಲಿಗೆ ಬಿಗಿದರು. ಹಟ್ಟಿಯ ಜನ ಉಸಿರು ಬಿಗಿಹಿಡಿದು ಆ ಎಡಗಾಲನ್ನೇ ನೋಡಿದರು. ಬೇಡವೆಂದರೂ ಮೂರು ರಾತ್ರಿ ಕರೆಯದೆ ಬಂದದ್ದು, ಈಗ ಊರೇ ಕೈಮುಗಿದು ಕರೆದರೆ ಬರಲಿಲ್ಲ. ಮೀನಖಂಡ ಹೂವಿನಷ್ಟು ಮೆತ್ತಗಿತ್ತು.

"ನೀರು ಕುಡಿದಿದ್ದೀರಾ?" ಪೊನ್ನಮ್ಮ ಗದರಿದಳು.

"ಎರಡು ಚೆಂಬು. ಡಾಕ್ಟ್ರು ಹೇಳಿದ್ರಲ್ಲ."

"ಯಾಕ್ ಕುಡಿಯೋಕ್ ಹೋದ್ರಿ!"

"ಬೆಳಿಗ್ಗೆಯಿಂದ ಗೋಡೆ ಹಿಡಿದು ಕಾಲು ಚೆನ್ನಾಗಿ ಎಳೆದೈತೆ ಪೊನ್ನಮ್ಮನೋರೇ. ವ್ಯಾಯಾಮ ನಿಜವಾಗ್ಲೂ ಕೆಲಸ ಮಾಡ್ತದೆ" ಎಂದು ಸ್ವಾಮಿ ಅಳುವ ದನಿಯಲ್ಲಿ ಹೇಳಿದರು.

ಮುರಳೀಧರನ್ ಕುಂಚ ಎತ್ತಿಕೊಂಡರು.

ಆಗ ಹಾಲ ಗೌಡರಿಗೆ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ಕಣ್ಣೀರು ಹಾಕಿದ್ದಕ್ಕೂ ಸೇರಿಸಿ ಏರಿತು. "ಅಂಗಡಿ ಸ್ವಾಮೀ! ನಿಮ್ಮ ಒಂದು ಕಾಲಿಗೋಸ್ಕರ ಹಟ್ಟಿ ಖಾಲಿ! ರಾಗಿ ಮೂಟೆ ಹೊತ್ತ ಕಾಲಂತೆ! ರಗ್ಗಿನೊಳಗೆ ಸುಮ್ನೆ ಮಲಗಿದ್ದಕ್ಕೆ ನೋವಂತೆ! ನಮ್ಮ ಕಾಲು ನೋಡಿ, ದಾರಿ ಮಾಡಿದ ಕಾಲು! ಹೀಗೆ ಬೆರಳ ತುದಿ ಮೇಲೆ ನಿಂತು ಇಡೀ ದಿನ ಎಲೆ ಕಿತ್ತರೂ ಏನೂ..."

ಗೌಡರು ತೋರಿಸಲೆಂದು ಬೆರಳ ತುದಿಯ ಮೇಲೆ ನಿಂತರು. ನಿಂತವರು ಹಾಗೇ ನಿಂತರು. ಕಣ್ಣು ಅಗಲವಾಯಿತು. ಬಾಯಿ ತೆರೆಯಿತು.

"ಬ್ಹಾವ್!"

ಸುಧಾ ಬೆಚ್ಚಿ ಕಿರುಚಿದಳು: "ಅಯ್ಯೋ! ಎರಡನೇ ಕಾಡುಕುರಿ!"

ಪೊನ್ನಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ದಿನಾ ಬೆಳಗಿನ ಜಾವ ಇದೇ ಸುಧಾ. ದೇವರ ಮೇಲೆ ಆಣೆ ಹಾಕ್ಸಿದ್ರು, ಯಾರಿಗೂ ಹೇಳ್ಬೇಡ ಅಂತ. ಕೆಳಗಿನ ಸ್ವಾಮಿಗೆ ಗೊತ್ತಾದ್ರೆ ನಮ್ಮ ಹಿರಿಯರು ಘಾಟಿಯಿಂದ ಇಳ್ದು ವಾಪಸ್ ಹೋಗ್ಬೇಕಾಗುತ್ತೆ ಅಂತ!"

ಗೌಡರು ಒಂಟಿಗಾಲಲ್ಲಿ ಕುಣಿಯುತ್ತಿದ್ದರು. ಸ್ವಾಮಿ ಸ್ಟೂಲಿನಿಂದ ಹಾರಿದರು. ಆ ಗಳಿಗೆಯಲ್ಲಿ ಅವರಿಗೆ ವಂಶವೂ ನೆನಪಿಲ್ಲ, ಮಾನವೂ ನೆನಪಿಲ್ಲ; ಆ ನೋವು ಬಲ್ಲೆ ಎಂದು ಒಪ್ಪಿಕೊಂಡವರು ಅಲ್ಲಿ ಅವರೊಬ್ಬರೇ. ಗೌಡರ ಸೊಂಟ ಹಿಡಿದು, ಅಡ್ಡವಿದ್ದ ಎರಡು ಕಂಬಗಳನ್ನು ಒದ್ದು ಬೀಳಿಸಿ, ಅವರನ್ನು ಗೋಡೆಗೆ ತಂದು ನಿಲ್ಲಿಸಿದರು.

"ಅಂಗೈ ಗೋಡೆಗೆ ಗೌಡ್ರೇ! ನೋಯೋ ಕಾಲು ಹಿಂದಕ್ಕೆ! ಹಿಮ್ಮಡಿ ಊರಿ! ಊರಿ ಅಂದೆ! ಈಗ ಮೆಲ್ಲಗೆ ವಾಲಿ!"

ಮೆಲ್ಲಗೆ ಎಂಬ ಮಾತು ನೋವಿನಲ್ಲಿರುವವರ ಕಿವಿಗೆ ಬೀಳುವುದಿಲ್ಲ. ಗೌಡರದು ಟೀ ಮೂಟೆ ಎತ್ತಿ ಬೆಳೆದ ಮೈ, ಎರಡಾಳಿನ ತೂಕ. ಅಷ್ಟೂ ತೂಕವನ್ನು ಗೋಡೆಯ ಮೇಲೆ ಹಾಕಿ "ಹ್ಞೂಂ" ಎಂದು ತಳ್ಳಿದರು. ಹಟ್ಟಿಯ ಹೆಂಗಸರು ಕಣ್ಣು ಮುಚ್ಚಿದರು. ಮುರಳೀಧರನ್ ಕುಂಚ ಬಿಟ್ಟು ಹಿಂದಕ್ಕೆ ಹಾರಿದರು.

ಗೋಡೆಯಿಂದ ಒಂದು ಹರಳೂ ಉದುರಲಿಲ್ಲ.

ಸ್ವಲ್ಪ ಹೊತ್ತಿಗೆ ಗೌಡರ ಮುಖ ಸಡಿಲವಾಯಿತು. "ಬಿಡ್ತು" ಎಂದರು, ಮಗುವಿನಂಥ ದನಿಯಲ್ಲಿ. "ಸ್ವಾಮಿ, ಬಿಟ್ಟೇಬಿಡ್ತು!"

ಮುರಳೀಧರನ್ ಗೋಡೆಯ ಹತ್ತಿರ ಬಂದರು. ಉಳಿದ ಕಂಬಗಳನ್ನೂ ತೆಗೆಸಿದರು. ಅಡಿಯಿಂದ ಮುಡಿಯವರೆಗೆ ಕಣ್ಣು ಹಾಯಿಸಿದರು, ಉಬ್ಬಿಲ್ಲ; ಸಂದುಗಳಲ್ಲಿ ಬೆರಳಾಡಿಸಿದರು, ಬಿರುಕಿಲ್ಲ. ನೀರು ಹೋಗಲು ಬಿಟ್ಟ ತೂತುಗಳಿಗೆ ಅಂಗೈ ಒಡ್ಡಿದರು; ಕೆಸರಿಲ್ಲದೆ ತಿಳಿನೀರು ಹರಿಯುತ್ತಿತ್ತು. ಮೇಲೆ ಹತ್ತಿ ಅಂಗಳವನ್ನೂ ಸುತ್ತಿ ನೋಡಿ ಬಂದರು. ಆಮೇಲೆ ಡಬ್ಬದ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದರು.

"ಗೋಡೆ ಚೆನ್ನಾಗಿದೆ. ತೂತು ಕಟ್ಟದ ಹಾಗೆ ನೋಡ್ಕೊಳ್ಳಿ. ಮಣ್ಣು ನೀರು ಬಂದ್ರೆ ತಕ್ಷಣ ನನಗೆ ಹೇಳಿ." ಜೀಪಿನ ತನಕ ಹೋದವರು ಏನೋ ನೆನಪಾಗಿ ತಿರುಗಿ ಬಂದರು. ಸುತ್ತ ನೋಡಿ ದನಿ ತಗ್ಗಿಸಿದರು. "ಸಾರ್, ಆ ಹಿಮ್ಮಡಿ... ಎಷ್ಟು ಹೊತ್ತು ಊರಬೇಕು?"

ಭಾನುವಾರ ಕೋತಗಿರಿಯವರು ಬಂದರು. ಮೆಟ್ಟಿಲಿಳಿಯುತ್ತಿದ್ದ ಹುಡುಗನ ತಂದೆ ಸೆಲ್ವಕುಮಾರ್ ಕೆಳಗಿನ ಹಿತ್ತಿಲು ನೋಡಿ ಗಕ್ಕನೆ ನಿಂತರು. ಸ್ವಾಮಿ, ಗೌಡರು, ಹಟ್ಟಿಯ ಇನ್ನೂ ಐದಾರು ಜನ ಹೊಸ ಬಟ್ಟೆ ತೊಟ್ಟು ಸಾಲಾಗಿ ಗೋಡೆ ತಳ್ಳುತ್ತಿದ್ದರು. ಗುಟ್ಟು ಒಡೆದ ಮೇಲೆ ಹಟ್ಟಿಯಲ್ಲಿ ಎಷ್ಟು ಕಾಡುಕುರಿಗಳಿದ್ದವು ಎಂದು ಹೊರಬಿದ್ದಿತ್ತು.

"ಗೋಡೆ ಬೀಳ್ತಿದೆಯಾ?" ಸೆಲ್ವಕುಮಾರ್ ನಡುಗುವ ದನಿಯಲ್ಲಿ ಕೇಳಿದರು.

ಗೌಡರು ಸ್ವಾಮಿಯನ್ನು ನೋಡಿದರು. ಮಗಳ ಸಂಬಂಧದ ಮಾತು. ಎಷ್ಟೋ ತಲೆಮಾರಿನ ಮರ್ಯಾದೆ.

"ಇಲ್ಲ ಬೀಗರೇ. ಗೋಡೆ ಗಟ್ಟಿ. ನಮಗೆ ರಾತ್ರಿ ಕಾಲು ಹಿಡಿಯುತ್ತೆ."

ಸೆಲ್ವಕುಮಾರ್ ಹೆಂಡತಿಯ ಕಡೆ ಒಮ್ಮೆ ತಿರುಗಿದರು. ಆಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡು "ಹೋಗಿ, ಹೋಗಿ" ಎಂದು ತಲೆಯಾಡಿಸಿದಳು. ಅವರು ಬೂಟು ಬಿಚ್ಚಿಟ್ಟು, ಕೋಟಿನ ತೋಳು ಮಡಿಸಿ, ಹಿತ್ತಿಲಿಗೆ ಇಳಿದು ಬಂದರು.

"ಇನ್ನೊಬ್ಬರಿಗೆ ಜಾಗ ಇದೆಯಾ?"

ಮೇಲಿನ ಅಂಗಳದಲ್ಲಿ ಸರಣ್ಯಾ ನಕ್ಕದ್ದು ಕೆಳಗಿನವರೆಗೆ ಕೇಳಿಸಿತು. ಸಂಬಂಧ ಗೋಡೆಯ ಬಳಿಯೇ ಕುದುರಿತು. ಹೆಣ್ಣು ನೋಡುವ ಶಾಸ್ತ್ರ ಆಮೇಲೆ ಮಾಡಿದರು.

ಆ ರಾತ್ರಿ ಮಳೆ ನಿಂತು ಮಂಜು ಕವಿದಿತ್ತು. ರಗ್ಗುಗಳೆಲ್ಲ ಸಡಿಲವಾಗಿದ್ದವು. ಎಲ್ಲರೂ ನೀರು ಕುಡಿದು ಮಲಗಿದ್ದರು. ಒಂದು ಹೊತ್ತಿನಲ್ಲಿ ಕೂಗು ಕೇಳಿಸಿತು: "ಬ್ಹಾವ್!"

ಸ್ವಾಮಿ ಕಿಟಕಿ ತೆರೆದು ಮೇಲಕ್ಕೆ ಕೂಗಿದರು: "ಗೌಡ್ರೇ! ಹಿಮ್ಮಡಿ ಊರಿ!"

ಮೇಲಿನ ಕಿಟಕಿಯಿಂದ ಅದೇ ಗಳಿಗೆಗೆ ಕೂಗು ಬಂತು: "ಸ್ವಾಮೀ! ಹಿಮ್ಮಡಿ ಊರಿ!"

"ನನಗೇನಾಗಿಲ್ಲ, ನಿಮಗೆ!"

"ನಾನು ಚೆನ್ನಾಗಿದ್ದೀನಿ, ನಿಮಗೇ!"

ಇಬ್ಬರೂ ಕಿವಿಗೊಟ್ಟರು. ಶೋಲೆ ಕಾಡಿನ ಕಡೆಯಿಂದ ಮತ್ತೊಮ್ಮೆ ಕೇಳಿಸಿತು. ಈ ಸಲ ನಿಜವಾಗಿಯೂ ಕಾಡುಕುರಿ.

"ಪಾಪ" ಎಂದರು ಗೌಡರು ಕತ್ತಲಲ್ಲಿ. "ಅದಕ್ಕೆ ಗೋಡೆ ಎಲ್ಲಿದೆ?"